ಪ್ಯಾರಿಸ್–ರೂಬೆ: ಆರು ಗಂಟೆಯ ಸೈಕಲ್ ರೇಸನ್ನು ಮನೆಗೆಲಸದ ನಡುವೆ ನೋಡುವುದು ಹೇಗೆ?

ಪ್ರಶ್ನೆ: ಶ್ಯಾವಿಗೆಮನೆ, ಧಾರವಾಡ (15 ಏಪ್ರಿಲ್ 2025)

ಎಲ್ಲರಿಗೂ ನಮಸ್ಕಾರ.

ಎರಡನೆಯ ಶನಿವಾರ, ಭಾನುವಾರ ಮತ್ತು ಸೋಮವಾರದ ಅಂಬೇಡ್ಕರ್ ಜಯಂತಿ ಸೇರಿ ಈ ಬಾರಿ ನಮ್ಮ ಬ್ಯಾಂಕಿಗೆ ಸಾಲಾಗಿ ಮೂರು ದಿನ ರಜೆ ಇತ್ತು. ಮನೆಯವರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರಿಂದ ನಾನು ಮತ್ತು ನನ್ನ ಅತ್ತೆಯವರು ಇಬ್ಬರೇ ಉಳಿದೆವು. ಎಲ್ಲಿಗೂ ಹೊರಡದೆ ವರ್ಷಕ್ಕೆ ಬೇಕಾಗುವ ಶ್ಯಾವಿಗೆ, ಸಂಡಿಗೆಗಳನ್ನು ಮಾಡಿ ಮುಗಿಸುವುದೆಂದು ನಿಶ್ಚಯಿಸಿದೆವು. ಪ್ರತಿ ಭಾನುವಾರ ನಸುಕಿನಲ್ಲಿ ಸೈಕಲ್ ತುಳಿಯುವ ನನ್ನ ಸಹೋದ್ಯೋಗಿಯೊಬ್ಬರು, ಇದೇ ಶನಿವಾರ ಮಹಿಳೆಯರ ಮತ್ತು ಭಾನುವಾರ ಪುರುಷರ ಪ್ಯಾರಿಸ್–ರೂಬೆ ಎಂಬ ಫ್ರಾನ್ಸಿನ ಸೈಕಲ್ ರೇಸ್ ನಡೆಯುತ್ತದೆ, ಮನೆಯಲ್ಲೇ ಇರುವುದಾದರೆ ಒಮ್ಮೆ ನೋಡಿ ಎಂದು ಹೇಳಿದ್ದರು.

ಶನಿವಾರ ರಾತ್ರಿ ಊಟದ ಹೊತ್ತಿಗೆ ಮಹಿಳೆಯರ ರೇಸಿನ ಕೊನೆಯ ಭಾಗ ಸಿಕ್ಕಿತು. ಪರ್ವತ ಸೈಕಲ್ ಸ್ಪರ್ಧೆಯಲ್ಲಿ ಕಳೆದ ವರ್ಷವಷ್ಟೇ ಒಲಿಂಪಿಕ್ ಚಿನ್ನ ಗೆದ್ದಿದ್ದ ಫ್ರಾನ್ಸಿನ ಪೋಲಿನ್ ಫೆರ್ರಾಂ-ಪ್ರೆವೊ ಒಬ್ಬರೇ ಮುಂದೆ ಬಂದು, ರೇಸ್ ಕೊನೆಗೊಳ್ಳುವ ಬಯಲು ವೆಲೊಡ್ರೋಮಿನ (ಸೈಕಲ್ ಕ್ರೀಡಾಂಗಣದ) ಸುತ್ತನ್ನು ಮುಗಿಸಿ ಕೈಯೆತ್ತಿದಾಗ ಅತ್ತೆಯವರೂ ನಾನೂ ತಟ್ಟೆ ಹಿಡಿದುಕೊಂಡೇ ಎದ್ದು ನಿಂತಿದ್ದೆವು. ಆ ಉತ್ಸಾಹದಲ್ಲಿ ಭಾನುವಾರ ಮಧ್ಯಾಹ್ನ ಮೂರಕ್ಕೇ ಕೆಲಸ ಬದಿಗಿಟ್ಟು ಟಿವಿಯ ಮುಂದೆ ಕುಳಿತೆ. ಎರಡು ಗಂಟೆ ಕಳೆದರೂ ನನಗೆ ಏನೂ ತಿಳಿಯಲಿಲ್ಲ. ಊರುಗಳು, ಚರ್ಚಿನ ಗೋಪುರಗಳು, ಹೊಲಗಳು, ಅವುಗಳ ನಡುವೆ ಹರಿಯುವಂತೆ ಸಾಗುವ ಒಂದು ದೊಡ್ಡ ಗುಂಪು, ಅಷ್ಟೇ. ಆರು ದಾಟಿದ ಮೇಲೆ ಮಾಳಿಗೆಗೆ ಹೋಗಿ ಒಣಹಾಕಿದ್ದ ಶ್ಯಾವಿಗೆಯನ್ನು ಬಾಚಿ ಡಬ್ಬಿಗೆ ತುಂಬಿ ಕೆಳಗೆ ಬರುವಷ್ಟರಲ್ಲಿ ಅರೆನ್‌ಬರ್ಗ್ ಎಂಬ ಕಾಡಿನ ಹಾದಿ ಮುಗಿದೇ ಹೋಗಿತ್ತು. ಏಳೂವರೆಯ ಹೊತ್ತಿಗೆ ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಬಂದು ನೋಡಿದರೆ, ಅಷ್ಟು ಹೊತ್ತು ನೆದರ್ಲೆಂಡ್ಸಿನ ಮತಿಯು ವಾನ್ ಡೆರ್ ಪೂಲ್ ಅವರ ಜೊತೆಯಲ್ಲಿ ಮುಂದಿದ್ದ ಸ್ಲೊವೇನಿಯಾದ ತದೇಯ್ ಪೊಗಾಚಾರ್ ತಿರುವೊಂದರಲ್ಲಿ ಬಿದ್ದು ಹಿಂದೆ ಉಳಿದಿದ್ದರು. ಅಂದರೆ ಏನೂ ಆಗದ ಎರಡು ಗಂಟೆಗಳನ್ನು ಕುಳಿತು ನೋಡಿ, ಎಲ್ಲವೂ ಆದ ಎರಡು ಗಳಿಗೆಗಳನ್ನು ಕಳೆದುಕೊಂಡೆ. ಇದು ನನಗೆ ನಿಜವಾಗಿಯೂ ಬೇಸರ ತಂದಿದೆ.

ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ. ಇಂಥ ರೇಸನ್ನು ಮನೆಯ ಕೆಲಸದ ಜೊತೆಜೊತೆಗೇ ಅನುಸರಿಸಬೇಕಾದರೆ ಎಲ್ಲಿ ಕೂರಬೇಕು, ಎಲ್ಲಿ ಎದ್ದು ಹೋಗಬಹುದು? ಕೊನೆಯ ಒಂದು ಗಂಟೆ ಮಾತ್ರ ನೋಡಿದರೆ ಸಾಕೇ, ಅಥವಾ ಅದು ಅಷ್ಟು ದೂರ ತುಳಿದುಬಂದವರ ಶ್ರಮಕ್ಕೆ ಮಾಡುವ ಅನ್ಯಾಯವೇ? ಇನ್ನೊಂದು ಪ್ರಶ್ನೆ ಅತ್ತೆಯವರದು. ಬೇರೆ ಬೇರೆ ತಂಡದವರು, ಒಬ್ಬರನ್ನೊಬ್ಬರು ಸೋಲಿಸಲು ಬಂದವರು, ದಾರಿಯಲ್ಲಿ ಸರದಿಯಂತೆ ಒಬ್ಬರ ಮುಂದೆ ಒಬ್ಬರು ನಿಂತು ಎಳೆದುಕೊಂಡು ಹೋಗುವುದೇಕೆ? ನನ್ನಿಂದ ಉತ್ತರ ಹೇಳಲಾಗಲಿಲ್ಲ.

ಉತ್ತರ 1: ಕಲ್ಲುಹಾದಿ, ಲಿಲ್ (ಫ್ರಾನ್ಸ್)

ಅಕ್ಕ, ನಾನು ಶಿರಸಿಯವನು, ಕೆಲಸದ ನಿಮಿತ್ತ ರೂಬೆಗೆ ಹೊಂದಿಕೊಂಡಂತಿರುವ ಲಿಲ್ ನಗರದಲ್ಲಿದ್ದೇನೆ. ನೀವು ರೊಟ್ಟಿ ಬಡಿಯುತ್ತಿದ್ದ ಹೊತ್ತಿನಲ್ಲಿ ನಾನು ಮಾನ್ಸ್-ಆನ್-ಪೆವೆಲ್ ಎಂಬ ಊರಿನ ಹೊಲದ ಬದುವಿನಲ್ಲಿ ನಿಂತಿದ್ದೆ, ಆದ್ದರಿಂದ ಮೊದಲು ನಿಮಗೆ ಒಂದು ಸಮಾಧಾನದ ಮಾತು ಹೇಳುತ್ತೇನೆ: ದಾರಿಯ ಬದಿಯಲ್ಲಿ ನಿಂತವರು ಕಾಣುವುದು ನೀವು ಕಂಡದ್ದಕ್ಕಿಂತ ಬಹಳ ಕಡಿಮೆ. ಬೆಳಿಗ್ಗೆಯೇ ಹೋಗಿ ಜಾಗ ಹಿಡಿದು, ಮಡಚುವ ಕುರ್ಚಿಗಳಲ್ಲಿ ಕುಳಿತ ಇಲ್ಲಿನ ಕುಟುಂಬಗಳ ಜೊತೆ ಗಂಟೆಗಟ್ಟಲೆ ಕಾದು, ಕೊನೆಗೆ ಮುಂದಿನವರು ಧೂಳೆಬ್ಬಿಸಿಕೊಂಡು ನಮ್ಮನ್ನು ದಾಟಿಹೋಗಲು ಹಿಡಿದದ್ದು ಕೆಲವೇ ಸೆಕೆಂಡುಗಳು. ಉಳಿದದ್ದನ್ನೆಲ್ಲ ನಾವೂ ಫೋನಿನಲ್ಲಿ, ಪಕ್ಕದವರ ರೇಡಿಯೋದಲ್ಲಿ ತಿಳಿದುಕೊಂಡೆವು. ಈ ಭಾಗದ ಮನೆಗಳಲ್ಲಿ ಏಪ್ರಿಲ್ ತಿಂಗಳ ಈ ಭಾನುವಾರ ಟಿವಿ ಮಧ್ಯಾಹ್ನದಿಂದಲೇ ಓಡುತ್ತಿರುತ್ತದೆ, ಊಟ, ಮಾತು, ಮಕ್ಕಳ ಜಗಳ ಎಲ್ಲವೂ ಅದರ ಮುಂದೆಯೇ ನಡೆಯುತ್ತವೆ, ಕಲ್ಲು ಹಾಸಿದ ಹಳೆಯ ಹಾದಿ ಬಂದಾಗ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ. ಆದ್ದರಿಂದ ಕೆಲಸದ ನಡುವೆ ನೋಡುವುದು ಅನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಯಾವಾಗ ತಿರುಗಿ ನೋಡಬೇಕೆಂದು ಗೊತ್ತಿರಬೇಕು, ಅಷ್ಟೇ.

ಈ ವರ್ಷದ ಹಾದಿ ಸುಮಾರು 259 ಕಿ.ಮೀ. ಹೆಸರಿನಲ್ಲಿ ಪ್ಯಾರಿಸ್ ಇದ್ದರೂ 1977ರಿಂದ ರೇಸ್ ಹೊರಡುವುದು ಪ್ಯಾರಿಸ್ಸಿನ ಉತ್ತರಕ್ಕಿರುವ ಕಾಂಪಿಯೆನ್ ಪಟ್ಟಣದಿಂದ. ಮೊದಲ ತೊಂಬತ್ತು ಚಿಲ್ಲರೆ ಕಿ.ಮೀ. ಮಾಮೂಲಿ ಡಾಂಬರು ರಸ್ತೆ. ಆಮೇಲೆ ತ್ರ್ವಾವಿಲ್ ಎಂಬಲ್ಲಿ ಮೊದಲ ಕಲ್ಲುಹಾಸು ಸಿಗುತ್ತದೆ. ಅಲ್ಲಿಂದ ಕೊನೆಯ ತನಕ ಇಂಥ 30 ತುಂಡುಗಳು, ಒಟ್ಟು 55 ಕಿ.ಮೀ. ಆಸುಪಾಸು. ಇವುಗಳಿಗೆ ಸಂಖ್ಯೆ ಕೊಡುವುದು ಇಳಿಕೆಯ ಕ್ರಮದಲ್ಲಿ: ಮೊದಲು ಸಿಗುವುದು 30, ಕೊನೆಗೆ ಸಿಗುವುದು 1. ಪರದೆಯ ಮೇಲೆ 19 ಎಂದು ಕಂಡರೆ ಇನ್ನು ಹತ್ತೊಂಬತ್ತು ಬಾಕಿ ಇವೆ ಎಂದು ಒಳಗಿನಿಂದ ಇಣುಕಿದವರಿಗೂ ತಿಳಿಯುತ್ತದೆ. ಕೆಲಸ ಮಾಡುತ್ತಾ ನೋಡುವವರಿಗೆ ಇದಕ್ಕಿಂತ ಅನುಕೂಲವಾದ ಲೆಕ್ಕ ಇನ್ನೊಂದಿಲ್ಲ.

ಭಾರತದ ಸಮಯಕ್ಕೆ ಹೊಂದಿಸಿ ಹೇಳುವುದಾದರೆ, ಮೂರರಿಂದ ಐದರವರೆಗೆ ನೀವು ನಿಶ್ಚಿಂತೆಯಿಂದ ಶ್ಯಾವಿಗೆ ಹೊಸೆಯಬಹುದು. ಐದರ ಸುಮಾರಿಗೆ ಮೊದಲ ಕಲ್ಲುಗಳು ಬರುತ್ತವೆ. ಆಗ ಗುಂಪು ಹರಿದು ಉದ್ದವಾಗುತ್ತದೆ, ಪಂಕ್ಚರುಗಳು ಶುರುವಾಗುತ್ತವೆ, ಅರ್ಧ ಕಣ್ಣಿಟ್ಟರೆ ಸಾಕು. ಆದರೆ ಮಾಳಿಗೆಯ ಕೆಲಸವನ್ನು ಆರರ ಒಳಗೆ ಮುಗಿಸಿಬಿಡಿ. ಆರೂಕಾಲು ಆರೂವರೆಗೆ, ಕೊನೆಗೆ ಇನ್ನೂ 95 ಕಿ.ಮೀ. ಇರುವಾಗ, ಅರೆನ್‌ಬರ್ಗ್ ಕಾಡು ಬರುತ್ತದೆ. ಎರಡೂಕಾಲು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ಉದ್ದದ ನೇರ ಹಾದಿ, ಎರಡೂ ಕಡೆ ಮರಗಳು, ನಡುವೆ ತಲೆಗೊಂದು ದಿಕ್ಕಿಗೆ ಮುಖ ಮಾಡಿ ಎದ್ದುನಿಂತ ಕಲ್ಲುಗಳು. ಈ ಹಾದಿಯನ್ನು ರೇಸಿಗೆ ಸೇರಿಸುವಂತೆ ಮಾಡಿದವರು ಜಾನ್ ಸ್ತಾಬ್ಲಿನ್ಸ್ಕಿ. 1962ರ ವಿಶ್ವ ಚಾಂಪಿಯನ್ ಆದ ಅವರು ಹುಡುಗನಾಗಿದ್ದಾಗ ಇದೇ ಕಾಡಿನ ಕೆಳಗಿನ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. 1968ರಲ್ಲಿ ಮೊದಲ ಬಾರಿ ರೇಸ್ ಅಲ್ಲಿ ಹಾದುಹೋಯಿತು. ಭೂಮಿಯ ಕೆಳಗೂ ದುಡಿದು ಮೇಲೂ ಸೈಕಲ್ ತುಳಿದ ಮನುಷ್ಯನೊಬ್ಬನ ಊರಹಾದಿ ಅದು ಎಂದು ತಿಳಿದ ಮೇಲೆ, ಆ ಮೂರ್ನಾಲ್ಕು ನಿಮಿಷ ನನಗೆ ಬೇರೆ ಕೆಲಸ ಮಾಡಲು ಮನಸ್ಸೇ ಬರುವುದಿಲ್ಲ.

ಅರೆನ್‌ಬರ್ಗ್ ಆದ ಮೇಲೆ ಏಳರವರೆಗೆ ಮತ್ತೆ ಏಳಬಹುದು, ಆದರೆ ದೂರ ಹೋಗಬೇಡಿ. ಏಳೂಕಾಲಿಗೆ ಮಾನ್ಸ್-ಆನ್-ಪೆವೆಲ್‌ನ ಮೂರು ಕಿ.ಮೀ., ಎಂಟಕ್ಕೆ ಸ್ವಲ್ಪ ಮುಂಚೆ ಕಾರ್‌ಫೂರ್ ದ ಲಾರ್ಬ್ರ್. ಅರೆನ್‌ಬರ್ಗ್ ಸೇರಿ ಇವು ಮೂರಕ್ಕೇ ಸಾಮಾನ್ಯವಾಗಿ ಅತಿ ಕಠಿಣವೆಂದು ಐದು ನಕ್ಷತ್ರ ಕೊಡುವುದು. ಎಂಟೂಕಾಲು ಎಂಟೂವರೆಗೆ ವೆಲೊಡ್ರೋಮಿನ ಒಂದೂವರೆ ಸುತ್ತು. ಗಾಳಿ ಹಿಂದಿನಿಂದ ಬೀಸಿದರೆ ಎಲ್ಲವೂ ಸ್ವಲ್ಪ ಮುಂಚೆಯೇ ಆಗಬಹುದು. ಮುಂದಿನ ವರ್ಷ ರೊಟ್ಟಿಯನ್ನು ಸಂಜೆ ಐದಕ್ಕೇ ಬಡಿದಿಟ್ಟುಕೊಳ್ಳಿ.

ಉತ್ತರ 2: ಗಾಳಿಲೆಕ್ಕ, ಮೈಸೂರು

ನಾನು ಭೌತಶಾಸ್ತ್ರ ಕಲಿಸುವವನು. ತಮ್ಮ ಅತ್ತೆಯವರ ಪ್ರಶ್ನೆ ಈ ಆಟದ ಮೂಲಕ್ಕೇ ಕೈಹಾಕುವಂಥದ್ದಾಗಿರುವುದರಿಂದ ಅದಕ್ಕೆ ಮಾತ್ರ ಉತ್ತರಿಸುತ್ತೇನೆ.

ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸೈಕಲ್ ಸವಾರನ ದೊಡ್ಡ ಎದುರಾಳಿ ಗಾಳಿ. ಗಾಳಿಯ ತಡೆಯನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುತ್ತಿರುವವನು 45ಕ್ಕೆ ಏರಬೇಕಾದರೆ ವೇಗ ಹೆಚ್ಚಿದ್ದು ಒಂದೂವರೆ ಪಟ್ಟು ಮಾತ್ರ, ಆದರೆ ಗಾಳಿಗಾಗಿ ಅವನು ಸುರಿಯಬೇಕಾದ ಸಾಮರ್ಥ್ಯ ಮೂರು ಪಟ್ಟಿಗೂ ಮೀರುತ್ತದೆ. ರೂಬೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಗೆದ್ದವರ ಸರಾಸರಿ ವೇಗವೇ 45ಕ್ಕಿಂತ ಹೆಚ್ಚು. ಹಾಗಾಗಿ ಯಾರ ಬೆನ್ನ ಹಿಂದೆ ಅಡಗಿಕೊಂಡು ಎಷ್ಟು ದೂರ ಬಂದಿರಿ ಎನ್ನುವುದೇ ಇಡೀ ಲೆಕ್ಕ.

ಜಾತ್ರೆಗೆ ಹೋಗುವ ಬಂಡಿಗಳ ಸಾಲಿನಲ್ಲಿ ಮುಂದಿನ ಬಂಡಿಗೆ ಸುಖ, ಹಿಂದಿನವರಿಗೆ ಧೂಳು. ಇಲ್ಲಿ ಅದು ತಿರುಗುಮುರುಗು. ಮುಂದಿರುವವನು ಗಾಳಿಯನ್ನು ಸೀಳುತ್ತಾನೆ, ಹಿಂದಿರುವವನು ಆ ಸೀಳಿನಲ್ಲಿ ಸಾಗುತ್ತಾನೆ. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಬರ್ಟ್ ಬ್ಲಾಕನ್ ಮತ್ತು ಸಂಗಡಿಗರು 121 ಸವಾರರ ಗುಂಪನ್ನು ಲೆಕ್ಕಕ್ಕೆ ತೆಗೆದುಕೊಂಡು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಟ್ಟ ಗುಂಪಿನ ಒಳಭಾಗದಲ್ಲಿ ಹಿಂದೆ ಇರುವ ಸವಾರನ ಮೇಲೆ ಬೀಳುವ ಗಾಳಿಯ ತಡೆ, ಒಂಟಿಯಾಗಿ ಅದೇ ವೇಗದಲ್ಲಿ ಹೋಗುವವನ ಮೇಲೆ ಬೀಳುವುದರ ಶೇ. 5ರಿಂದ 10ರಷ್ಟು ಮಾತ್ರ. ನೀವು ಮಧ್ಯಾಹ್ನ ಮೂರರಿಂದ ಐದರವರೆಗೆ ಕಂಡ, ಹರಿಯುವಂತೆ ಸಾಗುತ್ತಿದ್ದ ಆ ಗುಂಪು ಅಷ್ಟು ನಿರಾಳವಾಗಿ ಕಂಡದ್ದೂ ಇದರಿಂದಲೇ. ಒಳಗಿದ್ದವರು ನಿಜಕ್ಕೂ ನಿರಾಳರಾಗಿದ್ದರು. ಅಂಚಿನಲ್ಲೂ ಮುಂದೆಯೂ ಇದ್ದ ಕೆಲವರು ಅವರ ಪಾಲಿನದನ್ನೂ ದುಡಿಯುತ್ತಿದ್ದರು.

ಈಗ ಎದುರಾಳಿಗಳು ಸರದಿ ಎಳೆಯುವ ವಿಷಯ. ನಾಲ್ವರು ಗುಂಪಿನಿಂದ ತಪ್ಪಿಸಿಕೊಂಡು ಮುಂದೆ ಹೋಗಿದ್ದಾರೆ ಎಂದುಕೊಳ್ಳಿ. ಯಾರೂ ಗಾಳಿಗೆ ಬರಲೊಲ್ಲೆವೆಂದರೆ ಹಿಂದಿನ ಗುಂಪು ಬಂದು ನಾಲ್ವರನ್ನೂ ನುಂಗುತ್ತದೆ, ಆಗ ನಾಲ್ವರೂ ಸೋತಂತೆ. ಸರದಿಯಂತೆ ಅರ್ಧ ನಿಮಿಷ ಒಬ್ಬೊಬ್ಬರು ಎಳೆದರೆ ನಾಲ್ವರಿಗೂ ಗೆಲ್ಲುವ ಅವಕಾಶ ಉಳಿಯುತ್ತದೆ. ಮುಂದಿರುವವನು ತನ್ನ ಪಾಲು ಮುಗಿದಾಗ ಮೊಣಕೈಯನ್ನು ಚಿಕ್ಕದಾಗಿ ಆಡಿಸಿ ಪಕ್ಕಕ್ಕೆ ಸರಿಯುವುದನ್ನು ತಾವು ಗಮನಿಸಿರಬಹುದು. ಇನ್ನು ನೀನು ಬಾ ಎಂಬುದರ ಸನ್ನೆ ಅದು. ಗೆಲ್ಲುವ ಗೆರೆ ಹತ್ತಿರವಾದಷ್ಟೂ ಈ ಒಪ್ಪಂದ ಸಡಿಲವಾಗುತ್ತದೆ. ಒಬ್ಬ ಮೊಣಕೈ ಆಡಿಸಿದರೂ ಹಿಂದಿನವನು ಮುಂದೆ ಬರದೆ ಕುಳಿತರೆ, ಇನ್ನು ಐದೇ ನಿಮಿಷದಲ್ಲಿ ಏನೋ ಆಗುತ್ತದೆ ಎಂದು ತಿಳಿದು ಒಳಗಿನಿಂದ ಅತ್ತೆಯವರನ್ನು ಕರೆಯಬಹುದು.

ಕಲ್ಲುಹಾಸಿನ ಮೇಲೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಬೆನ್ನಿಗೆ ಅಂಟಿಕೊಂಡರೆ ಗಾಳಿಯೇನೋ ತಪ್ಪುತ್ತದೆ, ಆದರೆ ಮುಂದಿನ ಚಕ್ರ ಯಾವ ಕಲ್ಲಿನ ಮೇಲೆ ಬೀಳುತ್ತದೆಂದು ಕಾಣುವುದಿಲ್ಲ, ಮುಂದಿನವನು ಬಿದ್ದರೆ ತಾನೂ ಬೀಳಬೇಕಾಗುತ್ತದೆ. ಅದಕ್ಕೇ ಪ್ರತಿ ತುಂಡಿನ ಮೊದಲು ಎಲ್ಲರೂ ಮುಂದಿನ ಸಾಲಿಗಾಗಿ ಮೈಮರೆತು ನುಗ್ಗುವುದು. ಈ ಭಾನುವಾರ ಕೊನೆಗೆ 38 ಕಿ.ಮೀ. ಇದ್ದಾಗ ಪೊಗಾಚಾರ್ ಬಿದ್ದ ಮೇಲೆ ಮುಂದೆ ವಾನ್ ಡೆರ್ ಪೂಲ್ ಒಂಟಿ, ಹಿಂದೆ ಪೊಗಾಚಾರ್ ಒಂಟಿ. ಇಬ್ಬರಿಗೂ ಅಡಗಲು ಬೆನ್ನಿರಲಿಲ್ಲ. ಗಾಳಿ ಇಬ್ಬರಿಗೂ ಸಮನಾಗಿ ಸುಂಕ ವಸೂಲು ಮಾಡಿದಾಗ, ಮುಂದಿದ್ದವರನ್ನು ಹಿಡಿಯುವುದು ಕಠಿಣ. ವಾನ್ ಡೆರ್ ಪೂಲ್ ನಡುವೆ ಪಂಕ್ಚರ್ ಆಗಿ ಸೈಕಲ್ ಬದಲಾಯಿಸಬೇಕಾಗಿ ಬಂದರೂ ಒಂದು ನಿಮಿಷಕ್ಕೂ ಹೆಚ್ಚಿನ ಅಂತರ ಉಳಿಸಿಕೊಂಡು ಗೆದ್ದದ್ದು ಹಾಗೆ. ಸಾಲಾಗಿ ಮೂರು ಬಾರಿ ಈ ರೇಸನ್ನು ಗೆದ್ದವರು ಅವರಿಗಿಂತ ಮೊದಲು ಇಬ್ಬರೇ: 1909ರಿಂದ 1911ರವರೆಗೆ ಒಕ್ತಾವ್ ಲಪೀಝ್, 1978ರಿಂದ 1980ರವರೆಗೆ ಫ್ರಾಂಚೆಸ್ಕೊ ಮೊಸೆರ್.

ಉತ್ತರ 3: ಮುಂಗಾಳಿ, ಜಮಖಂಡಿ

ಲಿಲ್‌ನ ತಮ್ಮ ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ, ಆದರೆ ಮೊದಲ ಎರಡು ಗಂಟೆ ನಿಶ್ಚಿಂತೆಯಿಂದ ಶ್ಯಾವಿಗೆ ಹೊಸೆಯಬಹುದು ಎಂಬ ಮಾತನ್ನು ಮಾತ್ರ ಒಪ್ಪಲಾರೆ, ಮತ್ತು ಅದಕ್ಕೆ ನನ್ನ ಸ್ವಂತ ಕಾರಣವಿದೆ.

ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಸೈಕಲ್ ರೇಸ್ ಎಂದರೆ ಮಕ್ಕಳಿಗೆ ಎಷ್ಟು ಹಚ್ಚಿಕೊಂಡ ವಿಷಯವೆಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನೂ ಹದಿನಾರನೆಯ ವಯಸ್ಸಿನಿಂದ ಐದಾರು ವರ್ಷ ರಸ್ತೆ ರೇಸುಗಳಲ್ಲಿ ತುಳಿದೆ. ನನ್ನ ಕೆಲಸ ಗೆಲ್ಲುವುದಾಗಿರಲಿಲ್ಲ. ನಮ್ಮ ತಂಡದಲ್ಲಿ ನನಗಿಂತ ಚುರುಕಾದ ಹುಡುಗನೊಬ್ಬನಿದ್ದ. ಮೊದಲ ನಲವತ್ತು ಕಿ.ಮೀ. ಅವನಿಗೆ ಗಾಳಿ ತಗಲದಂತೆ ನೋಡಿಕೊಳ್ಳಬೇಕು, ಯಾರಾದರೂ ತಪ್ಪಿಸಿಕೊಂಡು ಹೋದರೆ ಅಟ್ಟಿಸಿಕೊಂಡು ಹೋಗಿ ಹಿಡಿಯಬೇಕು, ಅವನ ಚಕ್ರ ಕೆಟ್ಟರೆ ನನ್ನದನ್ನು ಬಿಚ್ಚಿ ಕೊಡಬೇಕು ಎಂದು ತರಬೇತುದಾರರು ಹೇಳಿರುತ್ತಿದ್ದರು. ಒಮ್ಮೆ ರಾಜ್ಯಮಟ್ಟದ ರೇಸಿನಲ್ಲಿ ಎದುರುಗಾಳಿಯ ರಸ್ತೆಯಲ್ಲಿ ಅಷ್ಟನ್ನೂ ಮಾಡಿದೆ. ಅವನಿಗೆ ಪದಕ ಬಂತು. ನಾನು ಬಹಳ ಹಿಂದೆ, ಜನರೆಲ್ಲ ಚದುರಿದ ಮೇಲೆ ಗೆರೆ ಮುಟ್ಟಿದೆ. ಮನೆಗೆ ಹೋದಾಗ ಅಪ್ಪ ಕೇಳಿದ್ದು ಒಂದೇ ಮಾತು: ನೀನು ಎಷ್ಟನೆಯವನು? ನನ್ನ ಕೆಲಸ ನಡೆದದ್ದು ಮೊದಲ ನಲವತ್ತು ಕಿ.ಮೀ.ಗಳಲ್ಲಿ ಎಂದು ಅವರಿಗೆ ಹೇಳಿ ತಿಳಿಸಲು ನನಗೆ ಆಗ ಮಾತು ಬರಲಿಲ್ಲ. ಆ ನೋವು ಈಗಲೂ ಸ್ವಲ್ಪ ಉಳಿದಿದೆ. ಆದ್ದರಿಂದಲೇ, ಗೆರೆಯ ಹತ್ತಿರದ ಒಂದು ಗಂಟೆಯನ್ನಷ್ಟೇ ನೋಡುವವರು ರೇಸಿನ ಅರ್ಧ ಜನರನ್ನು ನೋಡಿಯೇ ಇಲ್ಲ ಎಂದು ನನಗೆ ಅನ್ನಿಸುತ್ತದೆ. ರೂಬೆಗೆ ಒಂದು ತಂಡದಲ್ಲಿ ಏಳು ಮಂದಿ. ಅವರಲ್ಲಿ ನಾಲ್ಕೈದು ಮಂದಿಯ ದಿನ, ನೀವು ಅರೆನ್‌ಬರ್ಗ್ ನೋಡಲು ಕೂರುವ ಹೊತ್ತಿಗೆ ಮುಗಿದಿರುತ್ತದೆ.

ಇನ್ನೊಂದು ಕಾರಣ 2016ರ ಏಪ್ರಿಲ್ 10. ಆ ವರ್ಷ ಎಲ್ಲರ ಕಣ್ಣು ಬೆಲ್ಜಿಯಂನ ಟಾಮ್ ಬೋನನ್ ಮೇಲಿತ್ತು. ಅವರೂ ರೋಜರ್ ಡೆ ವ್ಲಾಮಿಂಕ್ ಅವರೂ ನಾಲ್ಕು ನಾಲ್ಕು ಬಾರಿ ಗೆದ್ದವರು, ಐದನೆಯದು ಸಿಕ್ಕರೆ ದಾಖಲೆ. ಗೆದ್ದವರು ಆಸ್ಟ್ರೇಲಿಯಾದ ಮ್ಯಾಥ್ಯೂ ಹೇಮನ್, ವಯಸ್ಸು 37, ವೃತ್ತಿಯುದ್ದಕ್ಕೂ ಬೇರೆಯವರಿಗಾಗಿ ಗಾಳಿಗೆ ಎದೆಯೊಡ್ಡಿದವರು. ರೇಸಿಗೆ ಆರು ವಾರಗಳ ಹಿಂದಷ್ಟೇ ಬೆಲ್ಜಿಯಂನ ಇನ್ನೊಂದು ರೇಸಿನಲ್ಲಿ ಬಿದ್ದು ಕೈಮೂಳೆ ಮುರಿದುಕೊಂಡಿದ್ದರು. ರಸ್ತೆಗೆ ಇಳಿಯುವಂತಿರಲಿಲ್ಲ. ಮನೆಯಲ್ಲೇ, ನಿಂತಲ್ಲೇ ಚಕ್ರ ತಿರುಗುವ ಉಪಕರಣದ ಮೇಲೆ ಸೈಕಲ್ ನಿಲ್ಲಿಸಿಕೊಂಡು, ನೋಯುವ ಕೈಗೆ ಆಸರೆ ಕೊಟ್ಟು ವಾರಗಟ್ಟಲೆ ತುಳಿದರು. ರೇಸಿನ ದಿನ ಮೊದಲ ಗಂಟೆಗಳಲ್ಲೇ ತಪ್ಪಿಸಿಕೊಂಡು ಹೋದ ಗುಂಪಿನಲ್ಲಿ ಅವರಿದ್ದರು. ಹಿಂದಿನಿಂದ ದೊಡ್ಡವರು ಬಂದು ಸೇರಿದರು, ಒಬ್ಬೊಬ್ಬರೇ ಉದುರಿದರು, ಹೇಮನ್ ಉಳಿದರು; ವೆಲೊಡ್ರೋಮಿನ ಕೊನೆಯ ತಿರುವಿನಲ್ಲಿ ಬೋನನ್ ಅವರನ್ನು ಹಿಂದಿಕ್ಕಿದರು. ಗೆರೆ ದಾಟಿದ ಮೇಲೆ ಅವರ ಮುಖದಲ್ಲಿ ಗೆಲುವಿಗಿಂತ ಮೊದಲು ಕಂಡದ್ದು, ಇದು ನನಗೇ ಆದದ್ದೇ ಎಂಬ ಬೆರಗು. ಕೊನೆಯ ಗಂಟೆಗೆ ಬಂದು ಕುಳಿತವರು ಈ ಮನುಷ್ಯ ಎಲ್ಲಿಂದ ಬಂದ ಎಂದು ಕೇಳಿದರಂತೆ ಎನ್ನುವುದು ನನಗೆ ಅಚ್ಚರಿಯಲ್ಲ. ಅವರು ಬೆಳಿಗ್ಗೆಯಿಂದ ಅಲ್ಲೇ ಇದ್ದರು.

ಹಾಗಾಗಿ ನನ್ನ ಸಲಹೆ ಹೀಗಿದೆ. ಮೊದಲ ಒಂದು ಗಂಟೆಯಲ್ಲಿ ಹತ್ತು ನಿಮಿಷಕ್ಕೊಮ್ಮೆಯಾದರೂ ಪರದೆ ನೋಡಿ, ಮುಂದೆ ಹೋದವರು ಯಾರು, ಎಷ್ಟು ಮಂದಿ, ಯಾವ ತಂಡದವರು ಎಂದು ಗುರುತಿಟ್ಟುಕೊಳ್ಳಿ. ಬೇಕಾದರೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಹೊಸೆಯಿರಿ. ಹಾಗೆಯೇ ಗೆದ್ದವರು ಬಂದ ಕೂಡಲೇ ಟಿವಿ ಆರಿಸಬೇಡಿ. ಅರ್ಧ ಗಂಟೆ ತಡವಾಗಿ, ಮುಖದ ತುಂಬ ಧೂಳು ಮೆತ್ತಿಕೊಂಡು, ಕೆಲವರು ಕಾಲಮಿತಿ ಮೀರಿದ ಮೇಲೂ, ಆ ವೆಲೊಡ್ರೋಮಿಗೆ ಬಂದು ಒಂದೂವರೆ ಸುತ್ತು ಹಾಕಿಯೇ ಇಳಿಯುತ್ತಾರೆ. ಅವರ ಹೆಸರು ಫಲಿತಾಂಶದಲ್ಲಿ ಇರುವುದಿಲ್ಲ. ಆದರೂ ಬರುತ್ತಾರೆ. ಅವರನ್ನು ತೋರಿಸುವಷ್ಟು ಹೊತ್ತು ದಯವಿಟ್ಟು ಕುಳಿತಿರಿ.

ಉತ್ತರ 4: ಬಿಳಿದಾಸವಾಳ, ಶಿವಮೊಗ್ಗ

ಶನಿವಾರದ ರೇಸಿನ ಬಗ್ಗೆ ಯಾರೂ ಹೆಚ್ಚು ಹೇಳದೇ ಇರುವುದರಿಂದ ಎರಡು ಮಾತು. ಪುರುಷರ ಪ್ಯಾರಿಸ್–ರೂಬೆ ಆರಂಭವಾದದ್ದು 1896ರಲ್ಲಿ, ಮಹಿಳೆಯರದು 2021ರಲ್ಲಿ. ಕೋವಿಡ್ ಕಾರಣ ಆ ವರ್ಷ ಏಪ್ರಿಲಿನ ರೇಸ್ ಅಕ್ಟೋಬರಿಗೆ ಹೋಗಿ, ಮಹಿಳೆಯರ ಮೊದಲ ರೇಸ್ ಗಾಂಧಿ ಜಯಂತಿಯ ಶನಿವಾರದಂದೇ ನಡೆಯಿತು. ಅಂದು ನಾನೂ ಮನೆಯಲ್ಲಿದ್ದೆ, ಹೊರಗೆ ಮಳೆ ಹನಿಯುತ್ತಿತ್ತು, ಅಲ್ಲಿಯೂ ಹಾದಿ ಒದ್ದೆಯಾಗಿ ಕೆಸರಾಗಿತ್ತು. ಬ್ರಿಟನ್ನಿನ ಲಿಝ್ಝಿ ಡೈಗ್ನನ್ ಮೊದಲ ಕಲ್ಲುಹಾಸಿಗೂ ಮುನ್ನವೇ ಮುಂದೆ ಹೋಗಿ, 80 ಕಿ.ಮೀ.ಗೂ ಹೆಚ್ಚು ದೂರವನ್ನು ಒಬ್ಬರೇ ತುಳಿದು ಗೆದ್ದರು. ಕೊನೆಯಲ್ಲಿ ಅವರ ಹ್ಯಾಂಡಲಿನ ಬಿಳಿ ಪಟ್ಟಿಯ ಮೇಲೆ ರಕ್ತದ ಕಲೆಗಳಿದ್ದವು. ಕೈಗವಸಿಲ್ಲದೆ ಆ ಕಲ್ಲುಗಳ ಮೇಲೆ ಹಿಡಿದುಬಂದ ಅಂಗೈ ಸುಲಿದಿತ್ತು. ಅವರಿಗೆ ಸಿಕ್ಕ ಬಹುಮಾನ 1,535 ಯೂರೋ. ಮರುದಿನ ಗೆದ್ದ ಸೋನಿ ಕೊಲ್ಬ್ರೆಲ್ಲಿ ಅವರಿಗೆ 30,000. ಈ ಅಂತರವನ್ನು ಅವರ ತಂಡವೇ ತುಂಬಿಕೊಟ್ಟಿತು ಎಂಬುದು ಸಮಾಧಾನವಾದರೂ, ಆ ಎರಡು ಸಂಖ್ಯೆಗಳನ್ನು ನಾನು ಮರೆತಿಲ್ಲ.

ನಿಮ್ಮ ಪ್ರಶ್ನೆಗೆ ಸಂಬಂಧಿಸಿ ಹೇಳುವುದಾದರೆ, ಮನೆವಾರ್ತೆ ಇರುವವರಿಗೆ ಮಹಿಳೆಯರ ರೇಸೇ ಹೆಚ್ಚು ಹೊಂದುತ್ತದೆ. ಈ ವರ್ಷ ಡೆನಾಂ ಪಟ್ಟಣದಿಂದ ಹೊರಟು ಸುಮಾರು 148 ಕಿ.ಮೀ., ನಾಲ್ಕು ಗಂಟೆಯೊಳಗೆ ಮುಗಿಯಿತು, ಅರ್ಧ ದಾರಿಗೆ ಮೊದಲೇ ಕಲ್ಲುಗಳು ಬಂದವು. ಅರೆನ್‌ಬರ್ಗ್ ಅವರ ಹಾದಿಯಲ್ಲಿ ಇಲ್ಲ, ಮಾನ್ಸ್-ಆನ್-ಪೆವೆಲ್ ಮತ್ತು ಕಾರ್‌ಫೂರ್ ದ ಲಾರ್ಬ್ರ್ ಎರಡೂ ಇವೆ. ಶನಿವಾರ ಇಡೀ ರೇಸ್ ನೋಡಿ, ಭಾನುವಾರದ್ದನ್ನು ಕೆಲಸದ ನಡುವೆ ನೋಡಿ. ನಾನು ನಾಲ್ಕು ವರ್ಷಗಳಿಂದ ಹಾಗೆಯೇ ಮಾಡುತ್ತಿದ್ದೇನೆ.

ಮತ್ತೆ: ಶ್ಯಾವಿಗೆಮನೆ, ಧಾರವಾಡ (28 ಏಪ್ರಿಲ್ 2025)

ಎಲ್ಲರಿಗೂ ಧನ್ಯವಾದಗಳು. ಉತ್ತರಗಳನ್ನು ಅತ್ತೆಯವರಿಗೆ ಪೂರ್ತಿಯಾಗಿ ಓದಿ ಹೇಳಿದೆ. ಜಮಖಂಡಿಯ ಅಣ್ಣನವರ ಭಾಗ ಬಂದಾಗ ಅವರು, ಇದನ್ನು ಇನ್ನೊಮ್ಮೆ ಓದು ಎಂದರು.

ನಿನ್ನೆಯ ಭಾನುವಾರ ಬೆಲ್ಜಿಯಂನಲ್ಲಿ ಲಿಯೇಜ್–ಬಾಸ್ತೋನ್–ಲಿಯೇಜ್ ಇತ್ತು. 1892ರಷ್ಟು ಹಳೆಯ ರೇಸ್ ಎಂದು ಕಚೇರಿಯ ಸಹೋದ್ಯೋಗಿ ಹೇಳಿದರು. ಅಲ್ಲಿ ಕಲ್ಲುಹಾಸಿನ ಬದಲು ದಿನವಿಡೀ ಗುಡ್ಡಗಳು. ಈ ಬಾರಿ ನಾವು ಹಪ್ಪಳದ ಹಿಟ್ಟನ್ನು ಬೆಳಿಗ್ಗೆಯೇ ಕುಟ್ಟಿ ನಾದಿಟ್ಟುಕೊಂಡು, ಒತ್ತುವ ಕೆಲಸವನ್ನು ಮಧ್ಯಾಹ್ನಕ್ಕೆ, ಟಿವಿಯ ಮುಂದಕ್ಕೇ ತಂದೆವು. ಮುಂದೆ ಹೋದವರೆಷ್ಟು ಮಂದಿ ಎಂಬುದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟೆ. ಆ ಮುಂದಿನವರ ಅಂತರ ನಿಮಿಷ ನಿಮಿಷಕ್ಕೂ ಕರಗುವುದನ್ನು ಹಪ್ಪಳ ಒತ್ತುತ್ತಾ ಕೂಗಿ ಹೇಳುವ ಕೆಲಸ ನನ್ನದಾಯಿತು, ಅಂತರ ಹೆಚ್ಚಿದಾಗಲೆಲ್ಲ ಅತ್ತೆಯವರು ಲಟ್ಟಣಿಗೆ ನಿಲ್ಲಿಸುತ್ತಿದ್ದರು. ಲಾ ರೆಡೂಟ್ ಎಂಬ ಏರಿನಲ್ಲಿ, ಕೊನೆಗೆ ಇನ್ನೂ ಮೂವತ್ತಕ್ಕೂ ಹೆಚ್ಚು ಕಿ.ಮೀ. ಇದ್ದಾಗ, ಪೊಗಾಚಾರ್ ಎಲ್ಲರನ್ನೂ ಬಿಟ್ಟು ಹೋದರು. ಈ ಬಾರಿ ನಾನು ಕಣ್ಣಾರೆ ಕಂಡೆ. ಎರಡು ವಾರಗಳ ಹಿಂದೆ ಅವರು ಬಿದ್ದದ್ದನ್ನು ಕಾಣದೆ ಇದ್ದ ಬೇಸರ ಆಗ ತೀರಿತು. ಮಹಿಳೆಯರ ರೇಸನ್ನು ಮಾರಿಷಸ್‌ನ ಕಿಂಬರ್ಲಿ ಲೆ ಕೋರ್ ಗೆದ್ದರು. ಪ್ಯಾರಿಸ್–ರೂಬೆಯೂ ಇದೂ ಸೇರಿ ಐದು ಹಳೆಯ ದೊಡ್ಡ ರೇಸುಗಳೆಂದು ಹೆಸರಾದವುಗಳಲ್ಲಿ ಒಂದನ್ನು ಗೆದ್ದ ಆಫ್ರಿಕಾದ ಮೊದಲಿಗರು ಅವರೇ ಎಂದು ಕೇಳಿ ಅತ್ತೆಯವರು, ಅಷ್ಟು ಸಣ್ಣ ದ್ವೀಪದಲ್ಲಿ ಇಷ್ಟು ದೂರ ತುಳಿಯಲು ರಸ್ತೆ ಎಲ್ಲಿದೆ ಎಂದು ಕೇಳಿದರು. ಸುತ್ತಿ ಸುತ್ತಿ ತುಳಿದಿರಬೇಕು ಎಂದೆ.

ಗಾಳಿಯ ವಿಷಯವನ್ನು ಮೈಸೂರಿನವರು ಬರೆದಂತೆಯೇ ವಿವರಿಸಿದೆ. ಒಪ್ಪಿಕೊಂಡರು. ಆದರೆ ಅವರ ಗಮನವೆಲ್ಲ ಇನ್ನೊಬ್ಬ ಸವಾರನ ಮೇಲಿತ್ತು. ಅವನು ಗುಂಪಿನಿಂದ ಹಿಂದಕ್ಕೆ ಉಳಿದು, ತಂಡದ ಕಾರಿನ ಕಿಟಕಿಯಿಂದ ಆರೇಳು ನೀರಿನ ಬಾಟಲಿಗಳನ್ನು ತೆಗೆದುಕೊಂಡು ಬೆನ್ನ ಜೇಬಿಗೂ ಅಂಗಿಯ ಒಳಗೂ ತುಂಬಿಕೊಂಡು, ಆ ಭಾರದ ಜೊತೆಗೇ ಏರಿನಲ್ಲಿ ಮತ್ತೆ ಮೇಲೆ ಬಂದು, ಒಬ್ಬೊಬ್ಬರಿಗೂ ಹಂಚಿದ. ಕ್ಯಾಮೆರಾ ಅವನನ್ನು ಅರ್ಧ ನಿಮಿಷ ತೋರಿಸಿರಬಹುದು. ಅತ್ತೆಯವರು ಮದುವೆಯಾಗಿ ಬಂದ ಹೊಸದರಲ್ಲಿ, ಸುಗ್ಗಿಯ ದಿನಗಳಲ್ಲಿ ತಲೆಯ ಮೇಲೆ ಬುತ್ತಿಯ ಬುಟ್ಟಿ, ಕೈಯಲ್ಲಿ ಮಜ್ಜಿಗೆಯ ಗಡಿಗೆ ಹೊತ್ತು ಎರಡು ಮೈಲಿ ದೂರದ ಹೊಲಕ್ಕೆ ಹೋಗುತ್ತಿದ್ದರಂತೆ. ಕೊಯ್ಯುವವರಿಗೆಲ್ಲ ಬಡಿಸಿ, ಕೊನೆಗೆ ಉಳಿದದ್ದನ್ನು ತಾವು ಉಂಡು, ಆಮೇಲೆ ತಾವೂ ಕುಡುಗೋಲು ಹಿಡಿಯುತ್ತಿದ್ದರಂತೆ. ನಾನು ಈ ಮನೆಗೆ ಬಂದು ಹನ್ನೊಂದು ವರ್ಷವಾಯಿತು, ಇದನ್ನು ಅವರ ಬಾಯಿಂದ ಕೇಳಿದ್ದು ನಿನ್ನೆಯೇ ಮೊದಲು. ರೇಸ್ ಮುಗಿದ ಮೇಲೆ ಆ ನೀರು ಹಂಚಿದವನು ಎಷ್ಟನೆಯವನಾಗಿ ಬಂದ ಎಂದು ಕೇಳಿದರು. ಅವನ ಬೆನ್ನಿನ ಸಂಖ್ಯೆಯನ್ನು ನಾನು ಬರೆದಿಟ್ಟುಕೊಂಡಿರಲಿಲ್ಲ. ಮುಂದಿನ ಬಾರಿ ಬರೆದಿಡುತ್ತೇನೆ.

ಮುಂದಿನದು ಮೇ 9ರ ಶುಕ್ರವಾರ ಅಲ್ಬೇನಿಯಾದಲ್ಲಿ ಹೊರಡುವ ಇಟಲಿಯ ರೇಸ್ ಜಿರೋ, ಮೂರು ವಾರಗಳದ್ದು ಎಂದು ತಿಳಿಯಿತು. ಅಷ್ಟರಲ್ಲಿ ಉಪ್ಪಿನಕಾಯಿಯ ಮಾವು ಬಂದಿರುತ್ತದೆ. ಮೂರು ವಾರಗಳ ರೇಸಿನಲ್ಲಿ ಯಾವ ದಿನ ಕೂರಬೇಕು, ಯಾವ ದಿನ ಏಳಬಹುದು ಎಂದು ದಯವಿಟ್ಟು ಈಗಲೇ ತಿಳಿಸಿ; ಹೋಳು ಹೆಚ್ಚುವ ದಿನವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳುತ್ತೇವೆ.